ಜಾರು
ಗಣಕಯಂತ್ರದಲ್ಲಿ ತೋಡಿಯ ಒಂದು ಸಂಚಾರವನ್ನು ಮೂಡಿಸಬೇಕೆಂಬ ಹಂಬಲ ನನ್ನಲ್ಲಿ ಹುಟ್ಟಿದ್ದು, ಸೋದರತ್ತೆಯವರ ಬೆರಳುಗಳು ನಡುಗತೊಡಗಿ ಅವರ ವೀಣೆ ಮೂಲೆ ಸೇರಿದ ಮೇಲೆ.

1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತಪದ್ಧತಿಯಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಅಂಕಿಗಳು; ಹಾರ್ಮೋನಿಯಮ್ಮಿನ ಮನೆಗಳಂತೆ ಒಂದಕ್ಕೊಂದು ನಂಟಿಲ್ಲ. ನಡುವಣ ಹಾದಿಗೆ ಪಿಚ್ ಬೆಂಡ್ ಎಂಬ ಬೇರೊಂದು ಆಜ್ಞೆಯುಂಟು. ಅದರಲ್ಲಿ 16,384 ಮೆಟ್ಟಿಲುಗಳು! ಲೆಕ್ಕದ ಈ ಔದಾರ್ಯಕ್ಕೆ ಮರುಳಾಗಿ, ಎರಡು ಸ್ವರಗಳನ್ನಿಟ್ಟು ನಡುವೆ ಸರಳರೇಖೆಯೊಂದನ್ನು ಎಳೆದೆ.

“ಇದು ಜಾರು ಅಲ್ಲಪ್ಪ, ಜಾರಿ ಬಿದ್ದದ್ದು” ಎಂದರು ಅತ್ತೆ.

ನಿಜವೇ. ಎರಡನೆಯ ಸ್ವರ ಹೊಸದಾಗಿ ಮೀಟಿದಂತೆ ಮೊಳಗುತ್ತಿತ್ತು. ವೈಣಿಕರಾದರೋ ಒಂದೇ ಮೀಟಿನ ನಾದ ಆರುವುದರೊಳಗೆ ತಂತಿಯನ್ನೆಳೆದು ಮುಂದಿನ ಸ್ವರವನ್ನು ಮುಟ್ಟುತ್ತಾರೆ. ಆ ಸ್ವರವನ್ನು ಅಳಿಸಿ, ಮೊದಲನೆಯದನ್ನೇ ಬಾಗಿಸಿದೆ. ಉಳಿದದ್ದು ವೇಗ. ಬೆರಳು ಸಮವೇಗದಲ್ಲಿ ಸರಿಯದು. ಹೊರಡುವಲ್ಲಿ ತುಸು ತಡೆದು, ನಡುವೆ ಧಾವಿಸಿ, ಸೇರುವೆಡೆಯಲ್ಲಿ ಮೆಲ್ಲನೆ ನಿಲ್ಲುತ್ತದೆ. ತೋಡಿಯ ಗಾಂಧಾರವಂತೂ ರಿಷಭ ಮಧ್ಯಮಗಳ ನಡುವೆ ತೂಗುವ ಸ್ವರ. ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರೆಸ್ವರಗಳೆಂಬ ಯಂತ್ರದ ವಾಡಿಕೆಯ ಮಿತಿ ಅದಕ್ಕೆ ಅಳೆದಿಟ್ಟಂತೆ ಒದಗಿತು. ರೇಖೆಯನ್ನು ತಿದ್ದುತ್ತ ನಾಲ್ಕು ಸಂಜೆ ಕಳೆದೆ.

ಐದನೆಯ ಸಂಜೆ ಅತ್ತೆ ಕಣ್ಣು ಮುಚ್ಚಿ ಕೇಳಿದರು. ಏನನ್ನೂ ಹೇಳಲಿಲ್ಲ. ಅವರ ಎಡಗೈಯ ತೋರುಬೆರಳು ಮಾತ್ರ ಸೆರಗಿನ ಅಂಚಿನ ಮೇಲೆ ಅತ್ತಿತ್ತ ಸರಿಯುತ್ತಿತ್ತು.