ಮೂರು ಸಾಲಿನ ಕವಿತೆ: ಹಾಯ್ಕು ಗ್ರಂಥಗಳೂ ವಿಜಯಪುರ ಸೀಮೆಯ ತ್ರಿಪದಿಯೂ

ಜಪಾನೀ ಸಾಹಿತ್ಯದ ಹಾಯ್ಕು ಎಂಬ ಕಿರುಗವನವು ಕನ್ನಡ ವಾಚಕರಿಗೆ ಇಂದು ಅಪರಿಚಿತವಾದುದಲ್ಲ. ೫, ೭, ೫ ಎಂಬ ಮೂರು ಖಂಡಗಳಲ್ಲಿ ಒಟ್ಟು ೧೭ ಧ್ವನಿಮಾತ್ರೆಗಳುಳ್ಳ ಈ ಪದ್ಯಜಾತಿಯನ್ನು ಪಾಠ ಹೇಳುವಾಗ, ಏಕಾಂತದಲ್ಲಿ ಕುಳಿತ ಕವಿಯೊಬ್ಬನು ಪ್ರಕೃತಿಯ ಒಂದು ಕ್ಷಣವನ್ನು ಹಿಡಿದಿಟ್ಟನೆಂಬ ಚಿತ್ರವನ್ನೇ ವಿದ್ಯಾರ್ಥಿಗಳ ಮುಂದಿಡುವುದು ವಾಡಿಕೆ. ಈ ಚಿತ್ರದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅದು ಪೂರ್ಣಸತ್ಯವಲ್ಲ. ಹಾಯ್ಕು ಹುಟ್ಟಿದುದು ಏಕಾಂತದಲ್ಲಲ್ಲ, ಕೂಟದಲ್ಲಿ. ಅದು ಉಳಿದುದು ಆ ಕೂಟದವರೇ ಕೂಡಿಸಿ ಹಂಚಿಕೊಂಡ ಗ್ರಂಥಗಳಲ್ಲಿ. ಈ ಸಂಗತಿಯನ್ನು ಗಮನಕ್ಕೆ ತಂದುಕೊಂಡಾಗ ವಿಜಯಪುರ ಸೀಮೆಯ ಮೂರು ಸಾಲಿನ ಕವಿತೆಯಾದ ತ್ರಿಪದಿಯ ಚರಿತ್ರೆಯೂ ಹೊಸ ಬೆಳಕಿನಲ್ಲಿ ಕಾಣುವುದು. ಅದರೊಡನೆ ಇನ್ನೂ ತೀರದಿರುವ ಒಂದು ಋಣವೂ ಕಾಣುವುದು.

ಹದಿನೇಳನೆಯ ಶತಮಾನದ ಜಪಾನಿನಲ್ಲಿ 'ಹಾಯ್ಕಾಯ್ ರೆಂಗ' ಎಂಬ ಸರಪಳಿ ಕವಿತೆ ಬಹು ಪ್ರಚಾರದಲ್ಲಿತ್ತು. ಹಲವರು ಒಂದೆಡೆ ಕೂಡಿ, ಒಬ್ಬನು ಹೇಳಿದ ಮೂರು ಖಂಡಗಳ ಪದ್ಯಕ್ಕೆ ಮತ್ತೊಬ್ಬನು ೭, ೭ ಮಾತ್ರೆಗಳ ಎರಡು ಖಂಡಗಳನ್ನು ಜೋಡಿಸಿ, ಅದಕ್ಕೆ ಮೂರನೆಯವನು ಮತ್ತೆ ಮೂರು ಖಂಡಗಳನ್ನು ಸೇರಿಸುತ್ತ ಹೋಗುವುದು ಇದರ ಕ್ರಮ. ಮೂವತ್ತಾರು ಪದ್ಯಗಳ ಇಂತಹ ಸರಪಳಿಗೆ 'ಕಾಸೆನ್' ಎಂದು ಹೆಸರು. ಸರಪಳಿಯ ಮೊದಲ ಕೊಂಡಿಯೇ 'ಹೊಕ್ಕು'. ಕೂಟವು ನಡೆಯುವ ಋತುವನ್ನು ಸೂಚಿಸುವ ಮಾತೊಂದು ಅದರಲ್ಲಿ ಇರಲೇಬೇಕೆಂಬುದು ನಿಯಮ. ಈ ಹೊಕ್ಕುವನ್ನು ಸರಪಳಿಯಿಂದ ಬಿಡಿಸಿ ಸ್ವತಂತ್ರ ಪದ್ಯವೆಂದು ಎತ್ತಿಹಿಡಿದು, ಹಾಯ್ಕು ಎಂಬ ಹೆಸರನ್ನು ಅದಕ್ಕೆ ಸ್ಥಿರಪಡಿಸಿದವನು ಮಸಾವೊಕ ಶಿಕಿ (೧೮೬೭-೧೯೦೨). ಹೀಗಿರಲು ಬಾಶೋ (೧೬೪೪-೧೬೯೪) ಮೊದಲಾದ ಪ್ರಾಚೀನರು ತಮ್ಮ ಪದ್ಯಗಳನ್ನು ಹೊಕ್ಕು ಎಂದೇ ತಿಳಿದಿದ್ದರು. ಅವುಗಳ ಹಿಂದೆ ಉತ್ತರ ಕೊಡಲು ಸಿದ್ಧವಾಗಿ ಕುಳಿತ ಗೆಳೆಯರ ಬಳಗವೊಂದು ಇದ್ದೇ ಇರುತ್ತಿತ್ತು. ಮೂರು ಸಾಲುಗಳಾಗಿ ಒಡೆದು ಬರೆಯುವ ಪದ್ಧತಿಯೂ ಬಹುಮಟ್ಟಿಗೆ ಭಾಷಾಂತರಕಾರರದು. ಜಪಾನೀಯರು ಅದನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಒಂದೇ ಸಾಲಾಗಿ ಬರೆಯುವರು.

ಈ ಬಳಗದ ಸ್ವರೂಪವು ಅವರ ಗ್ರಂಥಗಳಲ್ಲಿ ಸ್ಪಷ್ಟವಾಗಿದೆ. ಬಾಶೋವಿನ ಪಂಥಕ್ಕೆ ಸೇರಿದ ಸಂಕಲನಗಳಲ್ಲಿ ೧೬೯೧ರಲ್ಲಿ ಹೊರಬಂದ 'ಸಾರುಮಿನೋ' ಶ್ರೇಷ್ಠವೆಂದು ಪರಿಗಣಿತವಾಗಿದೆ. ಇದನ್ನು ಸಂಪಾದಿಸಿದವರು ಅವನ ಶಿಷ್ಯರಾದ ಕ್ಯೊರಾಯ್ ಮತ್ತು ಬೊಂಚೋ. ಗುರುವಿನ ಪದ್ಯಗಳೊಡನೆ ನೂರಕ್ಕೂ ಹೆಚ್ಚು ಕವಿಗಳ ಪದ್ಯಗಳು ಇದರಲ್ಲಿವೆ. ಪದ್ಯಪದ್ಯಕ್ಕೂ ಅದನ್ನು ಹೇಳಿದವರ ಹೆಸರಿದೆ. ಬೊಂಚೋವಿನ ಪತ್ನಿ ಉಕೋ, ಓತ್ಸು ಊರಿನ ಚಿಗೆತ್ಸು ಎಂಬ ಸ್ತ್ರೀಯರ ಹೆಸರುಗಳೂ ಅಲ್ಲಿ ಉಂಟು. ಒಬ್ಬರ ಹೆಸರಿಗೆ ಒಂದೇ ಪದ್ಯವಿದ್ದರೂ ಆ ಒಂದು ಪದ್ಯದಿಂದಲೇ ಆ ಹೆಸರು ಮೂರು ಶತಮಾನಗಳನ್ನು ದಾಟಿ ಬಂದಿದೆ. ಮರದ ಹಲಗೆಯಲ್ಲಿ ಕೊರೆದು ಅಚ್ಚೊತ್ತಿದ ಇಂತಹ ಪುಸ್ತಕಗಳು ಊರಿಂದೂರಿಗೆ ಹೋಗಿ, ಒಬ್ಬರನ್ನೊಬ್ಬರು ಕಾಣದ ಕವಿಗಳನ್ನು ಒಂದೇ ಮನೆಯವರನ್ನಾಗಿ ಮಾಡಿದವು. ಶಿಕಿಯ ಕಾಲಕ್ಕೆ ಈ ಕೆಲಸವನ್ನು ಪತ್ರಿಕೆಗಳು ವಹಿಸಿಕೊಂಡವು. ೧೮೯೭ರಲ್ಲಿ ಮತ್ಸುಯಾಮದಲ್ಲಿ ಮೊದಲಾಗಿ, ಮರುವರ್ಷ ಟೋಕಿಯೋಗೆ ಬಂದು ತಕಹಾಮ ಕ್ಯೊಶಿಯ ಕೈಯಲ್ಲಿ ಬೆಳೆದ 'ಹೊತೊತೊಗಿಸು' ಅಂತಹ ಪತ್ರಿಕೆಗಳಲ್ಲಿ ಮುಖ್ಯವಾದುದು.

ಭಾರತದಲ್ಲಿ ಈ ಕವಿತೆಯ ಪರಿಚಯವನ್ನು ಮಾಡಿಕೊಟ್ಟವರಲ್ಲಿ ರವೀಂದ್ರನಾಥ ಠಾಕೂರರು ಮೊದಲಿಗರ ಸಾಲಿಗೆ ಸೇರುವರು. ೧೯೧೬ರಲ್ಲಿ ಜಪಾನಿಗೆ ಹೋದ ಅವರು, ೧೯೧೯ರಲ್ಲಿ ಪ್ರಕಟವಾದ ತಮ್ಮ 'ಜಪಾನ್ ಯಾತ್ರಿ' ಗ್ರಂಥದಲ್ಲಿ ಬಾಶೋವಿನ ಪದ್ಯಗಳನ್ನು ಬಂಗಾಳಿಯಲ್ಲಿ ಕೊಟ್ಟರು. ಮೂರು ಸಾಲಿನಲ್ಲಿ ಒಂದು ಕವಿತೆ ಮುಗಿಯಬಹುದೆಂಬುದು ಅನೇಕ ಭಾಷೆಗಳವರಿಗೆ ಅಚ್ಚರಿಯ ಮಾತಾಗಿರಬಹುದು. ಕನ್ನಡಿಗರಿಗೆ ಅದು ಹಳೆಯ ಮಾತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಕ್ರಿ. ಶ. ೭೦೦ರ ಸುಮಾರಿಗೇ, ತ್ರಿಪದಿಗಳಿವೆ. ಆ ಬಾದಾಮಿಯು ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೂ ಬಿಜಾಪುರ ಜಿಲ್ಲೆಯೊಳಗೆಯೇ ಇತ್ತು. ಅಕ್ಕಮಹಾದೇವಿಯ 'ಯೋಗಾಂಗ ತ್ರಿವಿಧಿ'ಯೂ ಸರ್ವಜ್ಞನ ಪದ್ಯಗಳೂ ಇದೇ ಛಂದಸ್ಸಿನವು. ಒಟ್ಟು ಹನ್ನೊಂದು ಗಣಗಳು; ಮೊದಲೆರಡು ಸಾಲುಗಳಲ್ಲಿ ನಾಲ್ಕು ನಾಲ್ಕು, ಕಡೆಯ ಸಾಲಿನಲ್ಲಿ ಮೂರು. ಆರನೆಯದೂ ಹತ್ತನೆಯದೂ ಬ್ರಹ್ಮಗಣಗಳು, ಮಿಕ್ಕವು ವಿಷ್ಣುಗಣಗಳು. ಮಾತ್ರೆಗಳ ಲೆಕ್ಕಕ್ಕೆ ತಂದರೆ ಐವತ್ತರ ಆಸುಪಾಸಿನಲ್ಲಿ ನಿಲ್ಲುವ ಈ ಪದ್ಯವು ಹಾಯ್ಕುವಿನ ಸುಮಾರು ಮೂರರಷ್ಟು ದೊಡ್ಡದು.

ಗಾತ್ರಕ್ಕಿಂತ ಮುಖ್ಯವಾದ ಭೇದವು ಧೋರಣೆಯಲ್ಲಿದೆ. ಹಾಯ್ಕುವು ವಸ್ತುವನ್ನು ತೋರಿಸಿ ಸುಮ್ಮನಾಗುತ್ತದೆ. ಜನಪದ ತ್ರಿಪದಿಯು ಯಾರನ್ನೋ ಕರೆದು ಮಾತಾಡುತ್ತದೆ. ಹಡೆದವ್ವ, ಅಣ್ಣ, ಗೆಳತಿ, ತೊಟ್ಟಿಲ ಕೂಸು, ಕಡೆಗೆ ಬೀಸುಕಲ್ಲು: ಇವರಲ್ಲಿ ಒಬ್ಬರಾದರೂ ಎದುರಿಗೆ ಇದ್ದೇ ಇರುವರು. ಆದರೆ ಋತುವಿನ ವಿಷಯದಲ್ಲಿ ಎರಡೂ ಸಮೀಪಕ್ಕೆ ಬರುತ್ತವೆ. ಜಪಾನೀ ಕವಿಗಳಿಗೆ ಋತುಸೂಚಕ ಪದಗಳನ್ನು ಒಕ್ಕಣಿಸಿದ 'ಸಾಯ್‌ಜಿಕಿ' ಎಂಬ ಕೋಶಗಳಿವೆ. ವಿಜಯಪುರ ಸೀಮೆಯ ಹೆಣ್ಣುಮಗಳಿಗೆ ಅಂತಹ ಕೋಶವು ವರ್ಷದ ಹಬ್ಬಗಳಲ್ಲಿಯೇ ಇತ್ತು. ಕಾರಹುಣ್ಣಿವೆ ಎಂದೊಡನೆ ಎತ್ತುಗಳ ಸಿಂಗಾರ, ಮಣ್ಣೆತ್ತಿನ ಅಮಾವಾಸ್ಯೆ ಎಂದೊಡನೆ ಮುಂಗಾರಿನ ಹಸಿಮಣ್ಣು, ನಾಗರಪಂಚಮಿ ಎಂದೊಡನೆ ಕರೆಯಲು ಬರುವ ಅಣ್ಣ ಮತ್ತು ತವರಿನ ಜೋಕಾಲಿ, ಎಳ್ಳ ಅಮಾವಾಸ್ಯೆ ಎಂದೊಡನೆ ನಿಂತ ಬಿಳಿಜೋಳದ ಹೊಲದಲ್ಲಿ ಚರಗ ಚೆಲ್ಲುವ ಸಡಗರ. ಒಂದು ಹಬ್ಬದ ಹೆಸರು ಬಂದರೆ ವಿವರಣೆಯೇ ಬೇಡ. ಕೇಳುವವರು ಉಳಿದುದನ್ನು ತಾವೇ ತುಂಬಿಕೊಳ್ಳುವರು. ಕಿರುಗವನವು ಕಿರಿದಾಗಿರುವುದು ಕೇಳುವ ಕೂಟವು ದೊಡ್ಡದನ್ನು ಮೊದಲೇ ಬಲ್ಲುದರಿಂದ.

ಈ ಬಾಯಿಯ ಸಾಹಿತ್ಯವು ಪುಸ್ತಕವಾದ ಬಗೆಯೂ ಒಂದು ಗೆಳೆಯರ ಬಳಗದ ಚರಿತ್ರೆಯೇ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ (೧೯೦೩-೧೯೫೩), ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರು ಕೂಡಿ 'ಹಲಸಂಗಿ ಗೆಳೆಯರು' ಎಂದು ಹೆಸರಾದರು. ಇವರ ಶ್ರಮದಿಂದ 'ಗರತಿಯ ಹಾಡು' ೧೯೩೧ರಲ್ಲಿಯೂ, 'ಜೀವನ ಸಂಗೀತ' ೧೯೩೩ರಲ್ಲಿಯೂ, 'ಮಲ್ಲಿಗೆ ದಂಡೆ' ೧೯೩೫ರಲ್ಲಿಯೂ ಹೊರಬಂದವು. ಇವುಗಳಲ್ಲಿ ಮೊದಲನೆಯದು ತ್ರಿಪದಿಗಳ ಭಂಡಾರ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತವರ ಹಾಡು ಪಂಡಿತರ ಮೇಜಿನ ಮೇಲೆ ಬಂದು ಕಾವ್ಯವೆಂಬ ಗೌರವವನ್ನು ಪಡೆದುದು ಈ ಗ್ರಂಥದಿಂದ.

ಇದಕ್ಕೆ ಸ್ವಲ್ಪ ಮುಂಚೆಯೇ ವಿಜಯಪುರ ನಗರದಲ್ಲಿ ಮತ್ತೊಂದು ಬಗೆಯ ಕಿರುನುಡಿಯ ಉದ್ಧಾರವು ನಡೆದಿತ್ತು. ೧೮೮೦ರಲ್ಲಿ ಧಾರವಾಡದಲ್ಲಿ ಹುಟ್ಟಿ, ೧೯೦೪ರಲ್ಲಿ ವಕೀಲರಾಗಿ ವಿಜಯಪುರಕ್ಕೆ ಬಂದು ನೆಲೆಸಿದ ಫ. ಗು. ಹಳಕಟ್ಟಿಯವರು ಮನೆಮಠಗಳಲ್ಲಿ ಅಡಗಿದ್ದ ವಚನಗಳ ತಾಳೆಯೋಲೆಗಳನ್ನು ಹುಡುಕಿ ಕೂಡಿಸಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಹಿತಚಿಂತಕ ಮುದ್ರಣಾಲಯವನ್ನು ವಿಜಯಪುರದಲ್ಲಿಯೇ ಸ್ಥಾಪಿಸಿ, ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ೧೯೬೪ರಲ್ಲಿ ತೀರಿಕೊಳ್ಳುವವರೆಗೂ ಈ ಕಾರ್ಯವೇ ಅವರ ಬಾಳಾಗಿತ್ತು. ಹೊತೊತೊಗಿಸು ಜಪಾನಿನಲ್ಲಿ ಹೊಸ ಪದ್ಯಗಳಿಗೆ ಮಾಡಿದುದನ್ನು ಶಿವಾನುಭವವು ಇಲ್ಲಿ ಹಳೆಯ ವಚನಗಳಿಗೆ ಮಾಡಿತೆನ್ನಬಹುದು: ಚದರಿದ್ದ ಓದುಗರು ಅದರ ಮೂಲಕ ಒಂದು ಕೂಟವಾದರು.

ಇಲ್ಲಿ ವಿಚಾರಿಸಬೇಕಾದ ಅಂಶವೊಂದಿದೆ. ಕಿರುಗವನವು ತನ್ನನ್ನು ಹೇಳಿದವರನ್ನು ಯಾವ ರೀತಿಯಲ್ಲಿ ಹೊತ್ತು ತರುತ್ತದೆ? ಹಾಯ್ಕು ಗ್ರಂಥದಲ್ಲಿ ಕವಿಯ ಕಾವ್ಯನಾಮವು ಪದ್ಯದ ಪಕ್ಕದಲ್ಲಿ ನಿಲ್ಲುತ್ತದೆ. ವಚನದಲ್ಲಿ ಅಂಕಿತವು ನುಡಿಯೊಳಗೇ ಸೇರಿದೆ. ಓಲೆಯ ಪ್ರತಿಯಲ್ಲಿ ಕರ್ತೃವಿನ ಹೆಸರು ಅಳಿದುಹೋಗಿದ್ದರೂ ಅಂಕಿತವನ್ನು ಹಿಡಿದು ವಚನಕಾರರನ್ನು ಗುರುತಿಸುವುದು ಸಾಧ್ಯವಾಯಿತು. ಕೀರ್ತನೆಗಳಲ್ಲಿಯೂ ಹೀಗೆಯೇ, ಬಬಲೇಶ್ವರದ ಕಡೆಯ ಕಾಖಂಡಕಿಯ ಮಹಿಪತಿದಾಸರು ತಮ್ಮ ಅಂಕಿತದಿಂದಲೇ ಇಂದಿಗೂ ಜೀವಂತರಾಗಿರುವರು. ಆದರೆ ಗರತಿಯ ತ್ರಿಪದಿಗೆ ಪಕ್ಕದಲ್ಲಿ ಹೆಸರಿಲ್ಲ, ಒಳಗೆ ಅಂಕಿತವಿಲ್ಲ. ಅವಳ ಗುರುತೆಲ್ಲ ಅವಳ ಕಂಠದಲ್ಲಿತ್ತು. ಹಾಡು ಅಚ್ಚಾದಾಗ ಕಂಠವು ಹೊರಗೆ ಉಳಿಯಿತು. ಬೀಸುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹಾಡುವ ವಾಡಿಕೆಯೂ, ಕಲ್ಲಿನ ತಿರುವಿಗೆ ಸರಿಯಾಗಿ ಬರುವ ಎಳೆತವೂ ಅಚ್ಚಿನಲ್ಲಿ ಮರೆಯಾದವು. ಅವುಗಳೊಡನೆ ಹಾಡಿದವಳೂ ಮರೆಯಾದಳು.

ಇದು ಕೇವಲ ಸಂಗ್ರಾಹಕರ ಅಲಕ್ಷ್ಯವೆಂದು ಹೇಳುವುದು ನ್ಯಾಯವಲ್ಲ. ತ್ರಿಪದಿಯನ್ನು ಹಾಡಿದವಳು ಅದು ತನ್ನ ಸ್ವಂತದ್ದೆಂದು ಎಣಿಸಿದವಳಲ್ಲ. ಅತ್ತೆಯ ಮನೆಯಲ್ಲಿ ಕಲಿತುದನ್ನು ತವರಿಗೆ ಒಯ್ದು, ತವರಿನದನ್ನು ಇಲ್ಲಿಗೆ ತಂದು, ನಡುವೆ ಒಂದು ಪದವನ್ನು ತಾನು ಬದಲಿಸಿ ಅವಳು ಹಾಡಿದಳು. ಅತ್ತೆನಾದಿನಿಯರ ಮೇಲಿನ ದೂರನ್ನು, ಬಾಯಿಬಿಟ್ಟು ಹೇಳಲಾಗದ ಅಳಲನ್ನು ಹಾಡಿನಲ್ಲಿ ಇಡುವುದಕ್ಕೆ ಅನಾಮಿಕತೆಯೇ ಅವಳಿಗೆ ಸೆರಗಿನ ಮರೆಯಾಗಿತ್ತು. ಹೆಸರು ಹಚ್ಚಿದ್ದರೆ ಎಷ್ಟೋ ಪದ್ಯಗಳು ಹುಟ್ಟುತ್ತಲೇ ಇರಲಿಲ್ಲ.

ಆದರೂ ಅನಾಮಿಕತೆಯಲ್ಲಿ ಎರಡು ಬಗೆಯುಂಟು. ಜಪಾನಿನ 'ಕುಕಾಯ್' ಎಂಬ ಹಾಯ್ಕು ಕೂಟದಲ್ಲಿ ಕವಿಗಳು ಹೆಸರು ಬರೆಯದೆ ಪದ್ಯಗಳನ್ನು ಒಪ್ಪಿಸುವರು. ಯಾರದೆಂದು ತಿಳಿಯದೆ ಎಲ್ಲರೂ ತಮಗೆ ಮೆಚ್ಚಿದುದನ್ನು ಆರಿಸುವರು. ಆಯ್ಕೆಯಾದ ಮೇಲೆ ಕವಿಯು ತನ್ನ ಹೆಸರನ್ನು ಹೇಳುವನು. ಅಲ್ಲಿ ಹೆಸರಿಲ್ಲದಿರುವುದು ಪಕ್ಷಪಾತವಿಲ್ಲದ ವಿಮರ್ಶೆಗಾಗಿ ಮಾಡಿಕೊಂಡ ಏರ್ಪಾಡು. ಹೆಸರು ಹೇಳುವ ಗಳಿಗೆಯೂ ಆ ಏರ್ಪಾಡಿನ ಭಾಗ. ಗರತಿಗೆ ಆ ಎರಡನೆಯ ಗಳಿಗೆ ಬರಲಿಲ್ಲ. ಅವಳು ಮರೆಯನ್ನು ಬಯಸಿದಳೋ, ಅಥವಾ ಯಾರೂ ಕೇಳಲಿಲ್ಲವೆಂದು ಮರೆಯಲ್ಲಿ ಉಳಿದಳೋ ಎಂಬುದು ಪುಸ್ತಕದಿಂದ ತಿಳಿಯುವಂತಿಲ್ಲ. ಸಾರುಮಿನೋವಿನ ಚಿಗೆತ್ಸುವಿಗೂ 'ಗರತಿಯ ಹಾಡಿ'ನ ಕವಯಿತ್ರಿಗೂ ಇರುವ ಅಂತರವು ಪ್ರತಿಭೆಯದಲ್ಲ. ಕೇಳಿದವರು ಹೆಸರನ್ನೂ ಕೇಳಿದರೇ ಎಂಬುದರದು.

ಈ ಪ್ರಶ್ನೆಯು ಟಿಕೋಟ, ಬಬಲೇಶ್ವರಗಳ ಹಳ್ಳಿಗಳಲ್ಲಿ ಇಂದೂ ಸಜೀವವಾಗಿದೆ. ಹಿಂದೆ ಬಿಜಾಪುರ ತಾಲ್ಲೂಕಿಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾದ ಇವು ನಗರದ ಪಶ್ಚಿಮ ಮತ್ತು ನೈರುತ್ಯಕ್ಕಿರುವ ಕರಿಮಣ್ಣಿನ ಜೋಳದ ಸೀಮೆ. ಈಗ ದ್ರಾಕ್ಷಿಯ ತೋಟಗಳಿಗೂ ಹೆಸರಾಗಿವೆ. ಹಿಟ್ಟಿನ ಗಿರಣಿಯು ಬಂದು ಬೀಸುಕಲ್ಲಿನ ದುಡಿಮೆಯನ್ನು ತಪ್ಪಿಸಿತು. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಆದರೆ ಹಾಡಿನ ನಿತ್ಯದ ಸಂದರ್ಭವೂ ಅದರೊಡನೆ ಹೋಯಿತು. ಮದುವೆ, ಸೀಮಂತ, ತೊಟ್ಟಿಲು ಕಟ್ಟುವ ಸಮಯಗಳಲ್ಲಿ ಹಾಡಬಲ್ಲ ಹಿರಿಯರು ಉಳಿದಿರುವಷ್ಟು ದಿನ ಮಾತ್ರ ಈ ಕಂಠವು ಕೇಳಿಬರುವುದು.

ಆದುದರಿಂದ ಈ ಸೀಮೆಯಲ್ಲಿ ತ್ರಿಪದಿಗಳನ್ನು ಇನ್ನು ಮುಂದೆ ಸಂಗ್ರಹಿಸುವವರು ಪದ್ಯದ ಪಾಠದೊಡನೆ ನಾಲ್ಕು ಸಂಗತಿಗಳನ್ನು ಬರೆದಿಡುವುದು ಅವಶ್ಯ: ಹಾಡಿದವಳು ಯಾರು, ಯಾರಿಂದ ಕಲಿತಳು, ಯಾವ ಕೆಲಸದಲ್ಲಿ ಅಥವಾ ಯಾವ ಹಬ್ಬದಲ್ಲಿ ಹಾಡುವಳು, ತನ್ನ ಹೆಸರು ಅಚ್ಚಾಗುವುದು ಅವಳಿಗೆ ಒಪ್ಪಿಗೆಯೋ ಇಲ್ಲವೋ. ಒಪ್ಪದಿದ್ದವಳ ಹೆಸರನ್ನು ಮರೆಯಲ್ಲಿಯೇ ಇಡತಕ್ಕದ್ದು; ಒಪ್ಪಿದವಳ ಹೆಸರನ್ನು ಪದ್ಯದ ಪಕ್ಕದಲ್ಲಿಯೇ ಅಚ್ಚು ಮಾಡತಕ್ಕದ್ದು. ಧ್ವನಿಯನ್ನು ಹಿಡಿದಿಡುವ ಯಂತ್ರಗಳು ಇಂದು ಎಲ್ಲರ ಕೈಯಲ್ಲಿರುವಾಗ ಹಾಡಿನ ಮಟ್ಟನ್ನೂ ಕಳೆದುಕೊಳ್ಳಬೇಕಾದ ಕಾರಣವಿಲ್ಲ. ಹೀಗೆ ಸಿದ್ಧವಾದ ಪುಸ್ತಕವು ಮೊದಲು ಹೋಗಬೇಕಾದುದು ಹಾಡಿದವರ ಮನೆಗೆ, ಗ್ರಂಥಾಲಯಕ್ಕೆ ಆಮೇಲೆ. ಸಾಹಿತ್ಯದ ಅಧ್ಯಾಪಕರು ತರಗತಿಯಲ್ಲಿ ಹಾಯ್ಕುವನ್ನು ಹೇಳುವ ದಿನವೇ ತಮ್ಮ ವಿದ್ಯಾರ್ಥಿಗಳನ್ನು ಅವರವರ ಮನೆಯ ಹಿರಿಯರ ಬಳಿಗೆ ಒಂದು ತ್ರಿಪದಿಗಾಗಿಯೂ ಒಂದು ಹೆಸರಿಗಾಗಿಯೂ ಕಳುಹಿಸಿದರೆ ಈ ಕಾರ್ಯವು ತಡವಿಲ್ಲದೆ ಮೊದಲಾಗುವುದು.