ಸೂಜಿ ಚುಚ್ಚಿದಾಗ ಕಣ್ಣೀರೇಕೆ?

ಮಂಡಿನೋವಿಗೆಂದು ಅಕ್ಯುಪಂಕ್ಚರ್‌ಗೆ ಹೋಗಿದ್ದೀರಿ. ಸೂಜಿಗಳು ತೀರಾ ತೆಳು, ಅಂಥ ನೋವೇನೂ ಇಲ್ಲ. ಆದರೂ ಮಲಗಿದ ಹತ್ತು ನಿಮಿಷಕ್ಕೆ ಕಣ್ಣಲ್ಲಿ ನೀರು! 'ಅಯ್ಯೋ, ಇದೇನಾಯ್ತು ನಂಗೆ?' ಅಂತ ಗಾಬರಿಯಾಗಬೇಡಿ. ಕೆಲವರಿಗೆ ಅಳು, ಕೆಲವರಿಗೆ ನಗು, ಇನ್ನು ಕೆಲವರಿಗೆ ಗಾಢ ನಿದ್ದೆ ಬರುವುದುಂಟು.

ಚೀನಾದ ಸಾಂಪ್ರದಾಯಿಕ ವೈದ್ಯಪದ್ಧತಿ ದುಃಖವನ್ನು ಶ್ವಾಸಕೋಶಕ್ಕೂ ಸಿಟ್ಟನ್ನು ಯಕೃತ್ತಿಗೂ ಭಯವನ್ನು ಮೂತ್ರಪಿಂಡಕ್ಕೂ ಜೋಡಿಸುತ್ತದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಸರಳ ಕಾರಣವೂ ಇರಬಹುದು. ಬೆಳಗಿನ ಕಾಫಿಯಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕುವವರೆಗೆ ಓಡುವ ನಾವು ಅರ್ಧ ಗಂಟೆ ಸುಮ್ಮನೆ ಮಲಗುವುದು ಯಾವಾಗ? ಮೈ ಸಡಿಲವಾದಾಗ ಅದುಮಿಟ್ಟ ಸಂಕಟವೂ ಹೊರಬಂದೀತು.

ಅಳು ಬಂದರೆ ನುಂಗಿಕೊಳ್ಳಬೇಡಿ, ಚಿಕಿತ್ಸಕರಿಗೆ ಹೇಳಿ. ತಲೆಸುತ್ತು, ತಣ್ಣನೆ ಬೆವರು, ವಾಕರಿಕೆ ಬಂದರೆ ಮಾತ್ರ ಕೂಡಲೇ ಸೂಜಿ ತೆಗೆಸಿಕೊಳ್ಳಿ. ಖಾಲಿ ಹೊಟ್ಟೆಯಲ್ಲಂತೂ ಹೋಗಲೇಬೇಡಿ.

ಬೇಸರ, ನಿದ್ದೆಗೇಡು ಎರಡು ವಾರ ಕಳೆದರೂ ಹೋಗದಿದ್ದರೆ ಸೂಜಿಯನ್ನಷ್ಟೇ ನಂಬಿ ಕೂರದೆ ವೈದ್ಯರನ್ನು ಕಾಣಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯವರ ಮುಖ ನೋಡಿಯೇ ಮನಸ್ಸು ತಿಳಿಯುವ ನೀವು, ನಿಮ್ಮ ಮನಸ್ಸನ್ನೂ ಸ್ವಲ್ಪ ವಿಚಾರಿಸ್ಕೊಳ್ಳಿ.