ಕೋವಿಗೆ ದುರ್ಬೀನು: ಕೊಳ್ಳುವವರು ತಿಳಿಯತಕ್ಕ ವಿಷಯಗಳು

ಕೋವಿಯ ಮೇಲೆ ದುರ್ಬೀನನ್ನು ಕೂರಿಸಿ ಗುರಿಯಿಡುವುದು ಸೈನಿಕರಿಗೂ ಬೇಟೆಗಾರರಿಗೂ ಮಾತ್ರ ಸೇರಿದ ವಿಷಯವೆಂದು ಗೃಹಸ್ಥರು ಭಾವಿಸುತ್ತಿದ್ದ ಕಾಲವು ಕಳೆದುಹೋಯಿತು. 2008ನೆಯ ಇಸವಿಯಲ್ಲಿ ಬೀಜಿಂಗ್ ಒಲಿಂಪಿಕ್ಸಿನ 10 ಮೀಟರು ಗಾಳಿಕೋವಿ ಸ್ಪರ್ಧೆಯಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನದ ಪದಕವನ್ನು ಗಳಿಸಿದ್ದು ಸರ್ವವಿದಿತವಷ್ಟೆ. ಇಂದು ಗುರಿವಿದ್ಯೆಯನ್ನು ಕಲಿಯಬಯಸುವ ಬಾಲಕ ಬಾಲಿಕೆಯರು ಊರೂರುಗಳಲ್ಲಿ ಇದ್ದಾರೆ. ಕೋವಿಯು ಮನೆಗೆ ಬಂದ ಮರುದಿನವೇ, ಅಂಗಡಿಯವರು 'ಸ್ಕೋಪು' ಎಂದು ಕರೆಯುವ ದುರ್ಬೀನೂ ಬೇಕೆಂಬ ಬೇಡಿಕೆಯು ತಂದೆಯ ಮುಂದೆ ಬರುವುದು. ಹಣ ಕೊಡುವವನು ಅದರ ಗುಣದೋಷಗಳನ್ನು ಅರಿಯದಿದ್ದರೆ, ದೊಡ್ಡ ಅಂಕಿಯುಳ್ಳದ್ದೇ ಉತ್ತಮವೆಂದು ನಂಬಿ ಮೋಸಹೋಗುವುದು ಸಹಜ.

ಮೊದಲು ಆಲೋಚಿಸತಕ್ಕದ್ದು, ಇದು ಬೇಕೇ ಬೇಡವೇ ಎಂಬುದನ್ನು. ಒಲಿಂಪಿಕ್ ಕ್ರಮದ 10 ಮೀಟರು ಗಾಳಿಕೋವಿ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ. ಅಲ್ಲಿ ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯಬೇಕು. ಹತ್ತು ಅಂಕದ ಚುಕ್ಕೆಯ ಅಗಲವಾದರೋ ಕೇವಲ ಅರ್ಧ ಮಿಲಿಮೀಟರು. ಆದ್ದರಿಂದ ಆ ಪಂದ್ಯಕ್ಕೆಂದು ಅಭ್ಯಾಸ ಮಾಡುವ ಮಗುವಿಗೆ ದುರ್ಬೀನನ್ನು ಕೊಡಿಸುವುದು ವ್ಯರ್ಥವೇ ಸರಿ. ಇನ್ನು ಬೇಟೆಯ ಮಾತು. 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ನಮ್ಮ ದೇಶದಲ್ಲಿ ವಿನೋದಕ್ಕಾಗಿ ಬೇಟೆಯಾಡುವುದು ನಿಂತುಹೋಗಿದೆ. ಗಾಳಿಕೋವಿಯಿಂದ ಕಾಡುಹಕ್ಕಿಯನ್ನು ಹೊಡೆದರೂ ಅದು ಬೇಟೆಯೇ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿಡತಕ್ಕದ್ದು. ಆದರೆ ಬೇಟೆಯಿಲ್ಲದೆಯೂ ಗುರಿವಿದ್ಯೆಯು ಬಾಳಬಲ್ಲದು. ಕೊಡಗಿನಲ್ಲಿ ಕೈಲು ಮುಹೂರ್ತದ ಕಾಲಕ್ಕೆ ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡುಹೊಡೆಯುವ ಪಂದ್ಯಗಳೇ ಇದಕ್ಕೆ ನಿದರ್ಶನ.

ಹಾಗಾದರೆ ದುರ್ಬೀನಿನಿಂದ ಪ್ರಯೋಜನವೇನು? ಬರಿಗಣ್ಣಿನಿಂದ ಗುರಿಯಿಡುವವನು ಹಿಂದಿನ ಕಚ್ಚು, ನಳಿಗೆಯ ತುದಿಯ ಮೊನೆ, ದೂರದ ಗುರಿ, ಈ ಮೂರನ್ನೂ ಒಂದೇ ನೇರಕ್ಕೆ ತರಬೇಕು. ಕಣ್ಣಾದರೋ ಒಮ್ಮೆಗೆ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ನಲವತ್ತು ಕಳೆದು ಚಾಳೀಸು ಬಂದವರಿಗೆ ಈ ತೊಡಕು ಇನ್ನೂ ಹೆಚ್ಚು. ದುರ್ಬೀನಿನಲ್ಲಿ ಅಡ್ಡಗೆರೆ ಉದ್ದಗೆರೆಗಳೂ ಗುರಿಯೂ ಒಂದೇ ಪಾತಳಿಯಲ್ಲಿ ಕಾಣುವುವು. ಈ ಗೆರೆಗಳ ಉಪಾಯವು ಹೊಳೆದ ಬಗೆಯು ವಿನೋದಕರವಾಗಿದೆ. 1640ರ ಸುಮಾರಿನಲ್ಲಿ ವಿಲಿಯಂ ಗ್ಯಾಸ್ಕಾಯನ್ ಎಂಬ ಆಂಗ್ಲ ಜ್ಯೋತಿರ್ವಿದನ ದೂರದರ್ಶಕದೊಳಗೆ ಜೇಡವೊಂದು ಎಳೆಯನ್ನು ಕಟ್ಟಿತ್ತಂತೆ. ಆಕಾಶದ ಬಿಂಬದೊಡನೆ ಆ ಎಳೆಯೂ ಸ್ಪಷ್ಟವಾಗಿ ಕಂಡುದರಿಂದ, ಗುರಿ ಹಿಡಿಯಲು ಎಳೆಯನ್ನು ಬಳಸಬಹುದೆಂದು ಆತನು ಅರಿತನು.

ದುರ್ಬೀನಿನ ಮೇಲೆ 4×32 ಎಂದು ಬರೆದಿದ್ದರೆ, ವಸ್ತುವು ನಾಲ್ಕು ಪಾಲು ದೊಡ್ಡದಾಗಿ ಕಾಣುವುದೆಂದೂ, ಮುಂದಿನ ಮಸೂರದ ಅಗಲವು 32 ಮಿಲಿಮೀಟರೆಂದೂ ಅರ್ಥ. 3-9×40 ಎಂದಿದ್ದರೆ ಮೂರರಿಂದ ಒಂಬತ್ತು ಪಾಲಿನವರೆಗೆ ಬದಲಿಸಬಹುದು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲವು ದೊರೆಯುವುದು. 4×32ರಲ್ಲಿ ಅದು 8 ಮಿಲಿಮೀಟರು. 40ರ ಮಸೂರವನ್ನು ಒಂಬತ್ತಕ್ಕೆ ತಿರುಗಿಸಿದಾಗ ಸುಮಾರು 4.4. ಯುವಕರ ಕಣ್ಣಿನ ಪಾಪೆಯು ಕತ್ತಲಲ್ಲಿ ಸುಮಾರು 7 ಮಿಲಿಮೀಟರು ಅರಳುವುದು. ವಯಸ್ಸಾದಂತೆ 5ಕ್ಕೆ ಇಳಿಯುವುದುಂಟು. ಬೇಟೆಗೆ ಕಾನೂನಿನ ಅನುಮತಿಯಿರುವ ಯೂರೋಪಿನ ದೇಶಗಳಲ್ಲಿ, ಮುಸ್ಸಂಜೆಯಲ್ಲಿ ಕಾಡುಹಂದಿಗಾಗಿ ಕಾಯುವವರು 8×56ರ ದುರ್ಬೀನನ್ನು ಮೆಚ್ಚುವುದಕ್ಕೆ ಇದೇ ಕಾರಣ. ಹಗಲಿನಲ್ಲಿ ಗುರಿಹಲಗೆಗೆ ಹೊಡೆಯುವವನಿಗೆ ಅಷ್ಟು ಭಾರವಾದ ಗಾಜು ಅನಾವಶ್ಯಕ.

ಗುರಿಯನ್ನು ದೊಡ್ಡದು ಮಾಡುವ ಮಸೂರವು ಕೈಯ ನಡುಕವನ್ನೂ ದೊಡ್ಡದು ಮಾಡಿ ತೋರುವುದೆಂಬುದನ್ನು ಮರೆಯಲಾಗದು. ಹೆಚ್ಚು ವರ್ಧಿಸಿದಷ್ಟೂ ನೋಟದ ಹರವು ಕಿರಿದಾಗಿ, ಗುರಿಯನ್ನು ಹುಡುಕುವುದೇ ಕಷ್ಟವಾಗುವುದು. ಮರಳುಚೀಲದ ಮೇಲೆ ಕೋವಿಯನ್ನೊರಗಿಸಿ ಕಾಗದದ ಗುರಿಗೆ ಹೊಡೆಯುವವರು ಹೆಚ್ಚಿನ ವರ್ಧನವನ್ನು ಬಳಸಬಹುದು. ಕೈಯಲ್ಲೇ ಹಿಡಿದು ಅಭ್ಯಾಸಮಾಡುವವನಿಗೆ ನಾಲ್ಕು ಪಾಲು ಧಾರಾಳವಾಗಿ ಸಾಕು.

ಅಂಗಡಿಯಲ್ಲಿ ಮೂರು ಪರೀಕ್ಷೆಗಳನ್ನು ಮಾಡಿ ನೋಡತಕ್ಕದ್ದು. ಒಂದನೆಯದು, ಕಣ್ಣಿಗೂ ಮಸೂರಕ್ಕೂ ಇರಬೇಕಾದ ಅಂತರ. ಇದು ಸಾಧಾರಣವಾಗಿ ಮೂರು ನಾಲ್ಕು ಅಂಗುಲವಿರುವುದು. ಇದಕ್ಕಿಂತ ಕಡಿಮೆಯಾದರೆ, ಹಿಂದಕ್ಕೆ ಬಲವಾಗಿ ಒದೆಯುವ ಕೋವಿಯು ಹುಬ್ಬನ್ನೇ ಸೀಳೀತು. ಎರಡನೆಯದು, ದುರ್ಬೀನನ್ನು ಅಲುಗದಂತೆ ಇರಿಸಿ ಕಣ್ಣನ್ನು ಮಾತ್ರ ಅತ್ತಿತ್ತ ಸರಿಸುವುದು. ಗೆರೆಗಳು ಗುರಿಯ ಮೇಲೆ ತೇಲಿದಂತೆ ಕಂಡರೆ ಅದು ಆ ದೂರಕ್ಕೆ ಹೊಂದಿದ್ದಲ್ಲ. ಅನೇಕ ದುರ್ಬೀನುಗಳನ್ನು 100 ಗಜಕ್ಕೆ ಹೊಂದಿಸಿರುವುದರಿಂದ, ಗಾಳಿಕೋವಿಗೆ 10 ಮೀಟರಿನವರೆಗೂ ಹೊಂದಿಸಬಲ್ಲ ಬಳೆಯುಳ್ಳದ್ದನ್ನೇ ಆರಿಸಬೇಕು. ಮೂರನೆಯದು, ಅದು ಯಾವ ಕೋವಿಗೆ ತಕ್ಕದ್ದೆಂದು ಕೇಳಿ ತಿಳಿಯುವುದು. ಸುರುಳಿಕಂಬಿಯ ಬಲದಿಂದ ನಡೆಯುವ ಗಾಳಿಕೋವಿಯು ಹಿಂದಕ್ಕೂ ಮುಂದಕ್ಕೂ ಎರಡು ಬಾರಿ ಜಗ್ಗುವುದರಿಂದ, ಅದಕ್ಕೆಂದೇ ಮಾಡದ ಬೆಲೆಯುಳ್ಳ ದುರ್ಬೀನೂ ಕೆಟ್ಟುಹೋಗುವುದುಂಟು.

ಮನೆಗೆ ತಂದ ಮೇಲೆ ಅದನ್ನು ಕೋವಿಗೆ ಹೊಂದಿಸುವ ಕೆಲಸವಿದೆ. ತಿರುಪಿನ ಒಂದೊಂದು 'ಕ್ಲಿಕ್ಕು' ಬಹುಮಟ್ಟಿಗೆ ಡಿಗ್ರಿಯ ಅರುವತ್ತರಲ್ಲೊಂದು ಪಾಲಿನ ಕಾಲು ಭಾಗ. 50 ಮೀಟರಿನಲ್ಲಿ ಇದು ಸುಮಾರು 3.6 ಮಿಲಿಮೀಟರು. ಅಲ್ಲಿ ಗುಂಡುಗಳು 36 ಮಿಲಿಮೀಟರು ಎಡಕ್ಕೆ ಬಿದ್ದರೆ ಹತ್ತು ಕ್ಲಿಕ್ಕು ಬಲಕ್ಕೆ ತಿರುಗಿಸಬೇಕು. ಒಂದೊಂದು ಗುಂಡಿಗೂ ತಿರುಪನ್ನು ಮುಟ್ಟದೆ, ನಾಲ್ಕೈದು ಹೊಡೆದು ಅವುಗಳ ನಡುವನ್ನು ನೋಡಿ ತಿದ್ದುವುದೇ ಕ್ರಮ. ಕೂರಿಸುವ ಬಳೆಗಳು ಸಡಿಲವಾಗಿದ್ದರೆ ಎಷ್ಟು ತಿದ್ದಿದರೂ ಗುರಿಯು ನಿಲ್ಲದು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಕೋವಿಯ ದುರ್ಬೀನಿನಿಂದ ಬೀದಿಯನ್ನಾಗಲಿ, ನೆರೆಮನೆಯನ್ನಾಗಲಿ, ಅಂಗಳದಲ್ಲಿ ಆಡುವ ಮಗುವನ್ನಾಗಲಿ ಎಂದಿಗೂ ನೋಡಕೂಡದು. ಅದು ಯಾರ ಮೇಲೆ ತಿರುಗುವುದೋ ನಳಿಗೆಯೂ ಅವರ ಮೇಲೆಯೇ ತಿರುಗಿರುವುದು. ದೂರದ್ದನ್ನು ನೋಡುವ ಆಸೆಯಿದ್ದರೆ ಬೇರೊಂದು ಸಾದಾ ದುರ್ಬೀನನ್ನು ತಂದುಕೊಳ್ಳಲಿ. ಕೋವಿಯನ್ನು ಬೀಗದಲ್ಲಿಡುವ ನಿಯಮದಷ್ಟೇ ಕಟ್ಟುನಿಟ್ಟಾಗಿ ಈ ನಿಯಮವನ್ನೂ ಮನೆಯಲ್ಲಿ ಪಾಲಿಸಬೇಕು.

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯು ಗುರಿವಿದ್ಯೆಗೂ ಸಲ್ಲುವುದು. ಸಾಧಾರಣ ದುರ್ಬೀನೊಂದನ್ನು ಕೊಂಡು ಉಳಿದ ಹಣವನ್ನು ತೋಟಾಗಳಿಗೂ ಒಳ್ಳೆಯ ಗುರುವಿಗೂ ವ್ಯಯಿಸಿದವನ ಮಗನು, ಬೆಲೆಬಾಳುವ ಗಾಜನ್ನು ಕೊಂಡು ಅಭ್ಯಾಸವನ್ನು ಬಿಟ್ಟವನ ಮಗನಿಗಿಂತ ಬೇಗ ಗುರಿಯನ್ನು ಮುಟ್ಟುವನು.